ನಾನು ತೆಗೆದುಹಾಕಿದ ನಾಲ್ಕು ಸಾಲು

ಸಿರಾನುಷ್‌ಳ ಬಲಗೈಯ ಮೇಲೆ ಮೂರು ಸುಟ್ಟ ಗೀರುಗಳಿವೆ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳ ಕೆಲಸ. ಒದ್ದೆ ಬೆಡ್‌ಶೀಟನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಕೊಡವಬೇಕು, ಕಾದ ರೋಲರಿನ ಬಾಯಿಗೆ ನೇರವಾಗಿ ಕೊಡಬೇಕು. ಒಂದು ಪಾಳಿಗೆ ಎಂಟುನೂರು ಶೀಟು. ರೋಲರ್ ಯಾರಿಗೂ ಕಾಯುವುದಿಲ್ಲ. ಕೈ ಹಿಂದೆ ಬರುವುದು ಸ್ವಲ್ಪ ತಡವಾದರೆ ಒಂದು ಗೀರು.

ನಾನು ಅವಳನ್ನು ಮೊದಲು ಕಂಡದ್ದು ಇಲ್ಲಿ ಐರ್ಲೆಂಡಿನಲ್ಲಿ, ಡನ್ ಲಿಯರಿ ಊರಿನ ಲೈಬ್ರರಿಯಲ್ಲಿ. ಮಂಗಳವಾರ ಬೆಳಿಗ್ಗೆ ಅಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತಾಡಿಸುವ ಒಂದು ಗುಂಪು ಕೂರುತ್ತದೆ. ನಾನು ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಮಗಳು ಆಮ್ನಾಳ ಜೊತೆ ಇಲ್ಲಿದ್ದೇನೆ. ಲೈಬ್ರರಿಯ ಹುಡುಗಿ, ನೀವು ಟೀಚರ್ ಅಲ್ಲವೇ, ಬನ್ನಿ ಎಂದು ಕರೆದಳು. ನನಗಾಗಿ ಕಿಟಕಿಯ ಪಕ್ಕ, ಹೀಟರಿನ ಹತ್ತಿರ ಒಂದು ಕುರ್ಚಿಯನ್ನೂ ಹಾಕಿಸಿದಳು. ಇಂಥದ್ದು ನನ್ನ ಕಣ್ಣಿಗೆ ತಪ್ಪುವುದಿಲ್ಲ.

ಮೊದಲ ದಿನ ಸಿರಾನುಷ್ ಕೆಮ್ಮುತ್ತಲೇ ಇದ್ದಳು. ಅವಳ ಕಪ್ಪು ಕೂದಲಲ್ಲಿ ಬಟ್ಟೆಯ ಬಿಳಿ ಜುಂಗು ಸಿಕ್ಕಿಕೊಂಡಿತ್ತು. ಕೇಳದೆಯೇ ಕೈ ಚಾಚಿ ತೆಗೆದೆ. ಅವಳು ನನ್ನನ್ನು ನೋಡಿದಳು. ನಮ್ಮಪ್ಪ ಪಿಂಜಾರ. ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಮನೆಗೆ ಬಂದಾಗ ಅವನ ಹುಬ್ಬು, ಮೀಸೆ, ಕಿವಿಯೊಳಗೆಲ್ಲ ಅರಳೆ. ಅವ್ವ ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಅವನು ಸತ್ತದ್ದೂ ಆ ಅರಳೆಯಿಂದಲೇ, ಎದೆ ಕಟ್ಟಿ. ಪಿಂಜಾರ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು.

ಸಿರಾನುಷ್‌ಳನ್ನು ಅರ್ಮೇನಿಯದವಳು ಎಂದರೆ ಅವಳು ತಿದ್ದುತ್ತಾಳೆ. ‘ಆರ್ತ್ಸಾಖ್,’ ಎನ್ನುತ್ತಾಳೆ. ನಾನು ಪಾಠ ಮಾಡುತ್ತಿದ್ದಾಗ ನಕ್ಷೆಯಲ್ಲಿ ನಾಗೋರ್ನೊ ಕರಾಬಾಖ್ ಎಂದು ಬರೆದಿರುತ್ತಿದ್ದ ಬೆಟ್ಟದ ಸೀಮೆ. ಅಜರ್‌ಬೈಜಾನಿನ ಗಡಿಯೊಳಗೆ ಅರ್ಮೇನಿಯನ್ನರು ತಲೆತಲಾಂತರದಿಂದ ಬಾಳಿದ ಜಾಗ. ಹೊರಗಿನಿಂದ ಅಲ್ಲಿಗೆ ಇದ್ದದ್ದು ಒಂದೇ ರಸ್ತೆ. 2022ರ ಡಿಸೆಂಬರಿನಲ್ಲಿ ಅಜರ್‌ಬೈಜಾನಿನವರು ಅದನ್ನು ಮುಚ್ಚಿದರು. ಒಂಬತ್ತು ತಿಂಗಳು. ಹಿಟ್ಟಿಲ್ಲ, ಔಷಧಿಯಿಲ್ಲ, ಒಲೆಗೆ ಗ್ಯಾಸಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ಫಿರಂಗಿ. ಆಮೇಲೆ ರಸ್ತೆ ತೆರೆಯಿತು, ಹೊರಗೆ ಹೋಗುವುದಕ್ಕೆ ಮಾತ್ರ. ಒಂದು ವಾರದಲ್ಲಿ ಲಕ್ಷ ಜನ ಹೊರಬಿದ್ದರು. ಯುರೋಪು ಮರುಗಿತು. ಅಜರ್‌ಬೈಜಾನಿನ ಗ್ಯಾಸ್ ಕೊಳ್ಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವಳ ಮಗ ನಾರೆಕ್. ಆಗ ಇಪ್ಪತ್ತೊಂದು ವರ್ಷ. ಬೇಕರಿಯಲ್ಲಿ ಕೆಲಸ. ಒಂಬತ್ತು ತಿಂಗಳೂ ಕಾಡಿನಿಂದ ಸೌದೆ ಎಳೆದು ತಂದ. ಬೇಕರಿಯ ಒಲೆಗೆ, ಅಜ್ಜಿಯ ಒಲೆಗೆ, ಪಕ್ಕದ ಮನೆಯವರ ಒಲೆಗೆ. ಹಗ್ಗವನ್ನು ಭುಜಕ್ಕೆ ಹಾಕಿಕೊಂಡು ದಿಮ್ಮಿ ಎಳೆಯುತ್ತಿದ್ದ. ಭುಜದ ಮೇಲೆ ಕಪ್ಪು ಕಟ್ಟಿತು.

ಊರು ಬಿಟ್ಟಾಗ ಒಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹದಿನಾಲ್ಕು ಜನ. ಸೇತುವೆಯ ಚೆಕ್‌ಪೋಸ್ಟಿನಲ್ಲಿ ಸೈನಿಕರು ಗಂಡಸರನ್ನು ಇಳಿಸಿ ಅಂಗಿ ಬಿಚ್ಚಿಸಿದರು. ಬಂದೂಕು ಹಿಡಿದು ಹೋರಾಡಿದವನ ಭುಜದಲ್ಲಿ ಗುರುತಿರುತ್ತದೆ. ನಾರೆಕ್‌ನ ಭುಜದಲ್ಲಿ ಗುರುತಿತ್ತು.

‘ಸೌದೆ ಅಂದೆ,’ ಎಂದಳು ಸಿರಾನುಷ್. ‘ರಷ್ಯನ್‌ನಲ್ಲಿ ಹೇಳಿದೆ. ಕೈ ಮಾಡಿ ತೋರಿಸಿದೆ. ಸೌದೆ, ಸೌದೆ. ಒಬ್ಬ ಸೈನಿಕ ನನಗೆ ಒಂದು ಬಾಟಲಿ ನೀರು ಕೊಟ್ಟ. ಇನ್ನಿಬ್ಬರು ನಾರೆಕ್‌ನನ್ನ ಜೀಪಿಗೆ ಹತ್ತಿಸಿದರು.’

ಅವತ್ತಿನಿಂದ ಅವನಿಲ್ಲ. ಸೆರೆಯಾಳುಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಸತ್ತವರ ಪಟ್ಟಿಯಲ್ಲೂ ಇಲ್ಲ.

‘ಆ ನೀರು?’ ನಾನು ಕೇಳಿದೆ. ನನಗೆ ಅದೇ ಕೇಳಬೇಕೆನಿಸಿತು.

‘ಯೆರೆವಾನಿನಲ್ಲಿ, ನಮ್ಮ ಅತ್ತೆ ಹತ್ತಿರ ಇದೆ. ಯಾರೂ ಕುಡಿಯಲಿಲ್ಲ, ಟೀಚರ್.’

ಅವಳಿಗೆ ಬೇಕಾದದ್ದು ಎರಡೇ. ಇಲ್ಲಿನ ಸರ್ಕಾರ ಅಜರ್‌ಬೈಜಾನಿನ ರಾಯಭಾರಿಯನ್ನು ಕರೆದು ನಾರೆಕ್ ಎಲ್ಲಿ ಎಂದು ಹೆಸರು ಹಿಡಿದು ಕೇಳಬೇಕು. ಉತ್ತರ ಬರುವವರೆಗೆ ಯುರೋಪು ಆ ಗ್ಯಾಸನ್ನು ಕೊಳ್ಳಬಾರದು ಎಂದು ಬ್ರಸೆಲ್ಸಿನಲ್ಲಿ ಗಟ್ಟಿಯಾಗಿ ಹೇಳಬೇಕು. ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದಳು. ನನಗೆ ಗೊತ್ತಿತ್ತು.

ಈ ದೇಶದಲ್ಲಿ ಪಾರ್ಲಿಮೆಂಟಿನ ಸದಸ್ಯರು ವಾರಕ್ಕೊಮ್ಮೆ ಕ್ಲಿನಿಕ್ ನಡೆಸುತ್ತಾರೆ. ಹೆಸರೇ ಹಾಗೆ, ಡಾಕ್ಟರರ ಹಾಗೆ. ಯಾರು ಬೇಕಾದರೂ ಹೋಗಿ ಸರದಿಯಲ್ಲಿ ಕೂರಬಹುದು. ನಮ್ಮ ಕ್ಷೇತ್ರದ ಸದಸ್ಯೆಯ ಕ್ಲಿನಿಕ್ ಶುಕ್ರವಾರ, ಒಂದು ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ. ನಮ್ಮ ಮುಂದೆ ಬೀದಿದೀಪ ಕೆಟ್ಟಿದೆ ಎನ್ನುವ ಮುದುಕ, ಮಂಡಿ ಆಪರೇಷನ್‌ಗೆ ಮೂರು ವರ್ಷದಿಂದ ಕಾಯುತ್ತಿದ್ದ ಹೆಂಗಸು. ಅವಳು ಸಿರಾನುಷ್‌ಳ ಕೈ ನೋಡಿ, ‘ನೀನು ಮೊದಲು ಹೋಗಮ್ಮ,’ ಎಂದು ತನ್ನ ಸರದಿ ಬಿಟ್ಟುಕೊಟ್ಟಳು.

ಸದಸ್ಯೆ ಎದ್ದು ನಿಂತು ಕೈ ಕುಲುಕಿದರು. ಸಹಾಯಕ ಟೀ ತಂದ, ಬಿಸ್ಕತ್ತು ತಂದ. ಸಿರಾನುಷ್ ಹೇಳುವುದನ್ನೆಲ್ಲ ಅವರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಅದು ನಟನೆಯಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ.

‘ಆದರೆ ನಮ್ಮ ಮನೆಗಳಿಗೆ ಬರೋ ಗ್ಯಾಸ್ ಅಲ್ಲಿಂದಲ್ಲ,’ ಎಂದರು.

‘ಬ್ರಸೆಲ್ಸಿನಲ್ಲಿ ಕೊಳ್ಳುವ ಮೇಜು ನಿಮ್ಮದೂ ಹೌದಲ್ವಾ?’ ಎಂದಳು ಸಿರಾನುಷ್. ‘ಅಲ್ಲಿ ನಿಮಗೂ ಒಂದು ಕುರ್ಚಿ ಇದೆ.’

‘ಇದೆ, ಇದೆ. ಒಂದು ಅರ್ಜಿ ಬರೀರಿ. ಕ್ಷೇತ್ರದವರ ಇನ್ನೂರು ಸಹಿ ತನ್ನಿ. ಆಗ ನನಗೂ ಕೇಳೋಕೆ ಬಲ ಬರುತ್ತೆ.’

ಅವಳು ಹೇಳಿದಳು, ನಾನು ಬರೆದೆ. ಒಂದು ಪುಟ. ಅದರ ನಡುವೆ ನಾಲ್ಕು ಸಾಲು. ಯಾವ ದೇಶದ ಸೈನಿಕರು ಅವನನ್ನು ಇಳಿಸಿದರು. ಯಾವ ಗುರುತನ್ನು ನೋಡಿ ಹಿಡಿದರು. ಆ ಗುರುತು ಯಾವುದರದ್ದು. ಅವನನ್ನು ಬಿಡುವವರೆಗೆ ಅವರಿಂದ ಏನನ್ನು ಕೊಳ್ಳಬಾರದು.

ಮೊದಲು ಹೋದದ್ದು ಇಕ್ಬಾಲ್‌ನ ಅಂಗಡಿಗೆ. ಬೆಂಗಳೂರಿನವನು, ದಿನಸಿ, ಹಲಾಲ್ ಮಾಂಸ ಮಾರುತ್ತಾನೆ. ಹಬ್ಬಕ್ಕೆ ನನ್ನ ಮನೆಗೆ ತಾನೇ ಬಂದು ಸಲಾಂ ಹೇಳುವವನು. ಕಾಗದ ಓದಿದ. ಗಲ್ಲ ಕೆರೆದುಕೊಂಡ.

‘ಆಪಾ, ನೀವು ಕೇಳಿದ್ರೆ ಇಲ್ಲ ಅಂತೀನಾ? ಆದ್ರೆ ಇದು ನಮ್ಮವರ ದೇಶದ ಮೇಲೆ ಬರೆದಿರೋದು. ನಾಳೆ ಜುಮ್ಮಾಗೆ ಹೋದ್ರೆ ಜನ ನನ್ನ ಮುಖ ನೋಡಲ್ವಾ?’

‘ಗಾಜಾಗೆ ಅಂತ ಶನಿವಾರ ಶನಿವಾರ ರಸ್ತೇಲಿ ನಿಂತ್ವಲ್ಲಪ್ಪ. ಇಲ್ಲಿನ ಜನ ಎಷ್ಟು ಸಾವಿರ ಬಂದ್ರು. ಅವರು ಯಾವ ಜುಮ್ಮಾ ನೋಡಿದ್ರು?’

‘ಅದು ಬೇರೆ, ಆಪಾ.’

‘ಏನು ಬೇರೆ?’

‘ಮೂವತ್ತು ವರ್ಷದ ಹಿಂದೆ ಈ ಅರ್ಮೇನಿಯದವರೂ ನಮ್ಮವರನ್ನ ಲಕ್ಷಗಟ್ಲೆ ಓಡ್ಸಿದ್ರು. ಅದು ಗೊತ್ತಾ ನಿಮಗೆ?’

‘ಗೊತ್ತು. ಅದೂ ಅನ್ಯಾಯವೇ. ಆಗ ನಾರೆಕ್ ಹುಟ್ಟಿರಲಿಲ್ಲ ಇಕ್ಬಾಲ್.’

ಅವನು ತಲೆ ತಗ್ಗಿಸಿದ. ಒಳಗೆ ಹೋಗಿ ಒಂದು ಡಬ್ಬಿ ಖರ್ಜೂರ, ಎರಡು ಕಿಲೋ ಅಕ್ಕಿ ತಂದು ಚೀಲಕ್ಕೆ ಹಾಕಿದ. ‘ಆ ಅಮ್ಮಂಗೆ ಕೊಡಿ. ದುಡ್ಡು ಬೇಡ. ನೋಡಿ ಆಪಾ, ಈ ನಡುವಿನ ನಾಲ್ಕು ಸಾಲು ತೆಗೀರಿ. ಮಗ ಕಳೆದು ಹೋಗಿದ್ದಾನೆ, ತಾಯಿ ಅಳ್ತಿದ್ದಾಳೆ ಅಂದ್ರೆ ಸಾಕು. ಯಾರು ಸೈನ್ ಮಾಡಲ್ಲ? ನಾನೇ ಐವತ್ತು ಮಾಡಿಸ್ತೀನಿ.’

ಆಮ್ನಾಳ ಆಫೀಸಿನ ಚಾಮರಾಜ ಮೈಸೂರಿನ ಹುಡುಗ. ಮೆಟ್ಟಿಲಲ್ಲಿ ನನ್ನ ಚೀಲ ಹೊತ್ತುಕೊಡದೆ ಹೋಗುವವನಲ್ಲ. ಅವನೂ ಅದನ್ನೇ ಹೇಳಿದ. ‘ಆಂಟಿ, ನನ್ನ ಸ್ಟಾಂಪ್ ಫೋರ್ ವೀಸಾ ಬರೋಕೆ ಇನ್ನು ನಾಲ್ಕು ತಿಂಗಳು. ಯಾವುದೋ ದೇಶದ ಹೆಸರಿರೋ ಕಡೆ ನನ್ನ ಹೆಸರು ಬೇಡ. ಅದನ್ನ ತೆಗೆದ್ರೆ ಗ್ರ್ಯಾಂಡ್. ನಮ್ಮ ಕ್ರಿಕೆಟ್ ಗ್ರೂಪಿನವರ ಕೈಲೆಲ್ಲ ಹಾಕಿಸ್ತೀನಿ.’

ಮನೆಯಲ್ಲಿ ಆಮ್ನಾ ನನಗೆ ಬಿಸಿ ರೊಟ್ಟಿ ಹಾಕುತ್ತಾ ಹೇಳಿದಳು. ‘ಅವ್ವಾ, ನನ್ನ ಸಿಟಿಜನ್‌ಶಿಪ್ ಫೈಲ್ ಸರ್ಕಾರದವರ ಟೇಬಲ್ ಮೇಲಿದೆ. ಅದಾಗ್ಲಿ, ಆಮೇಲೆ ಏನ್ ಬೇಕಾದ್ರೂ ಬರಿ. ಈಗ ಸ್ವಲ್ಪ ಮೆತ್ತಗೆ ಬರಿ. ಮೆತ್ತಗೆ ಬರೆದ್ರೂ ಅವಳ ಕೆಲಸ ಆಗುತ್ತಲ್ಲ?’

ಆಗುತ್ತದೆ ಎಂದುಕೊಂಡೆ. ನಾಲ್ಕು ಸಾಲು ತೆಗೆದೆ. ಹೊಸದಾಗಿ ಬರೆದೆ. ಕೈಬರಹದ ಹಳೆಯ ಕಾಗದವನ್ನು ಮಡಿಸಿ ರದ್ದಿ ಡಬ್ಬಿಗೆ ಹಾಕಿದೆ. ‘ನಾರೆಕ್ ಎಂಬ ಯುವಕ ವಲಸೆಯ ಸಂದರ್ಭದಲ್ಲಿ ಕಾಣೆಯಾಗಿದ್ದು, ಅವನ ತಾಯಿಗೆ ದಯವಿಟ್ಟು ನೆರವಾಗಬೇಕೆಂದು ವಿನಂತಿ.’ ಅರ್ಜಿ ಹೀಗೇ ಇರಬೇಕು ಎಂದು ನಾನು ಕಲಿತಿದ್ದೆ.

ಪಾಳಿ ಮುಗಿಸಿ ಬಂದ ಸಿರಾನುಷ್ ಲೈಬ್ರರಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಬೆರಳು ಮಡಿಸಲು ಬಾರದೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಳು.

‘ಸ್ವಲ್ಪ ಚಿಕ್ಕದು ಮಾಡಿದೆ,’ ಎಂದೆ.

‘ನೀವು ಬರೆದದ್ದು ಸರಿಯಾಗೇ ಇರುತ್ತೆ, ಟೀಚರ್.’ ಓದಲಿಲ್ಲ. ಮೊದಲ ಸಹಿ ಅವಳದೇ.

ಇನ್ನೂರ ಹನ್ನೆರಡು ಸಹಿ ಬಂತು. ಮಸೀದಿಯಿಂದ ಬಂತು, ಕ್ರಿಕೆಟ್ ಗುಂಪಿನಿಂದ ಬಂತು, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಬಂತು. ‘ಪಾಪ,’ ಎಂದು ಎಲ್ಲರೂ ಹಾಕಿದರು. ಆಮ್ನಾ ಹಾಕಿದಳು. ಸದಸ್ಯೆ ಹಾಳೆಗಳನ್ನು ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು.

ಹನ್ನೊಂದು ವಾರದ ಮೇಲೆ ಕ್ಲಿನಿಕ್ಕಿನಿಂದ ಫೋನು. ಉತ್ತರ ಬಂದಿದೆ, ಬನ್ನಿ. ಸಿರಾನುಷ್ ಅರ್ಧ ದಿನದ ರಜೆ ಕೇಳಿದಳು. ಕೊಡಲಿಲ್ಲ. ಆದರೂ ಬಂದಳು. ಮತ್ತೆ ಅದೇ ಕೋಣೆ, ಅದೇ ಟೀ. ಮೇಜಿನ ಮೇಲೆ ನಮ್ಮ ಅರ್ಜಿ, ಅದರ ಮೇಲೆ ಸರ್ಕಾರಿ ಕಚೇರಿಯೊಂದರ ಕಾಗದ. ಸದಸ್ಯೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು, ಸಿರಾನುಷ್‌ಗೆ ತಿಳಿಯಲಿ ಎಂದು.

ಅರ್ಜಿಯಲ್ಲಿ ಈ ಯುವಕ ಯಾವುದೇ ದೇಶದ ವಶದಲ್ಲಿದ್ದಾನೆಂದು ಹೇಳಿಲ್ಲ. ಆದ್ದರಿಂದ ಯಾವುದೇ ಸರ್ಕಾರವನ್ನು ಪ್ರಶ್ನಿಸಲು ಆಧಾರವಿಲ್ಲ. ಕಾಣೆಯಾದವರನ್ನು ಹುಡುಕುವ ಸಂಸ್ಥೆಗಳ ವಿಳಾಸ ಕೆಳಗಿದೆ. ತಾಯಿಗೆ ನಮ್ಮ ಸಹಾನುಭೂತಿ.

‘ಹೇಳಿಲ್ಲ?’ ಎಂದಳು ಸಿರಾನುಷ್. ‘ಜೀಪು? ಸೈನಿಕರು?’

ಸದಸ್ಯೆ ಅರ್ಜಿಯನ್ನು ಅವಳ ಕಡೆ ತಿರುಗಿಸಿದರು. ಸಿರಾನುಷ್ ಬೆರಳಿಟ್ಟುಕೊಂಡು ಓದಿದಳು. ಮೊದಲ ಸಲ ಓದಿದಳು. ಬೆರಳು ಪುಟದ ಕೊನೆಗೆ ಹೋಯಿತು. ಮತ್ತೆ ಮೇಲೆ ಬಂತು. ಮತ್ತೆ ಕೆಳಗೆ ಹೋಯಿತು.

ನನ್ನ ಕಡೆ ನೋಡಿದಳು.

ನಾನು ಅರ್ಜಿಯ ಕಡೆ ಕಣ್ಣಿಳಿಸಿದೆ. ಸದಸ್ಯೆ ಮಾತ್ರ ಮಾತಾಡುತ್ತಿದ್ದರು. ‘ನೋಡಿ, ಒಂದು ಲೆಕ್ಕಕ್ಕೆ ಹೀಗಿದ್ದದ್ದೇ ಒಳ್ಳೇದಾಯ್ತು. ಈಗ ಎರಡು ದೇಶಗಳ ನಡುವೆ ಶಾಂತಿ ಮಾತುಕತೆ ನಡೀತಿದೆ. ಇಂಥ ಹೊತ್ತಲ್ಲಿ ಗಟ್ಟಿಯಾಗಿ ಕೇಳಿದ್ರೆ ಎಲ್ಲಾ ಕೆಡುತ್ತೆ.’

ಆಗ ನನಗೆ ನಮ್ಮೂರಿನ ಶಾಂತಿ ಸಭೆ ಕಣ್ಣ ಮುಂದೆ ಬಂತು. ಆಗ ನನಗೆ ಇಪ್ಪತ್ತೆಂಟು. ಗಲಭೆಯಲ್ಲಿ ಪಿಂಜಾರ ಓಣಿಯ ಹನ್ನೊಂದು ಅಂಗಡಿ ಸುಟ್ಟಿದ್ದರು. ನನ್ನ ಅಣ್ಣನ ಗಾದಿ ಅಂಗಡಿಯೂ ಸುಟ್ಟಿತು. ಹತ್ತಿ ಮೂರು ದಿನ ಒಳಗೊಳಗೇ ಉರಿಯಿತು. ಬೆಂಕಿ ಇಟ್ಟವರು ಯಾರೆಂದು ಅಣ್ಣನಿಗೆ ಗೊತ್ತು. ಅವರ ಮಕ್ಕಳ ಬಾಣಂತನದ ಗಾದಿಗಳನ್ನು ತುಂಬಿದವನು ಅವನೇ. ಶಾಂತಿ ಸಭೆಯಲ್ಲಿ ದೊಡ್ಡವರೆಲ್ಲ ಬಂದರು. ಅಣ್ಣನಿಗೆ ಹೂವಿನ ಹಾರ ಹಾಕಿದರು, ಸೋಡಾ ಕುಡಿಸಿದರು. ಓದಿದ ಹುಡುಗಿ ಎಂದು ಮನವಿ ಬರೆಯಲು ನನ್ನ ಕೈಗೇ ಕೊಟ್ಟರು. ‘ಹೆಸರು ಯಾಕಮ್ಮ, ಕೆಲವು ಕಿಡಿಗೇಡಿಗಳು ಅಂತ ಬರಿ ಸಾಕು. ನಾಳೆಯಿಂದ ಎಲ್ಲರೂ ಒಟ್ಟಿಗೆ ಬಾಳಬೇಕಲ್ಲ,’ ಎಂದರು. ಬರೆದೆ. ಅಣ್ಣ ಸಹಿ ಹಾಕಿದ. ಕೇಸು ಬಿದ್ದುಹೋಯಿತು. ಸಾಯುವವರೆಗೆ ಅಣ್ಣ ಆ ಹೆಸರುಗಳನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಜೊತೆ ಕೂತು ಉಣ್ಣಲೂ ಇಲ್ಲ.

ನಲವತ್ತು ವರ್ಷ ದಾಟಿ, ಎರಡು ಸಮುದ್ರ ದಾಟಿ ಬಂದು, ನಾನು ಮತ್ತೆ ಅದೇ ಅರ್ಜಿ ಬರೆದಿದ್ದೆ.

‘ಟೀ ಆರ್ತಿದೆ, ಕುಡೀರಿ,’ ಎಂದ ಸಹಾಯಕ, ಮೆತ್ತಗೆ.

ಸಿರಾನುಷ್ ಕಪ್ಪನ್ನು ದೂರ ಸರಿಸಿದಳು. ಚೆಲ್ಲಲಿಲ್ಲ. ಕೂಗಲಿಲ್ಲ. ಸಹಾಯಕನ ಕಿಸೆಯಿಂದ ಪೆನ್ನು ತೆಗೆದುಕೊಂಡಳು. ಅರ್ಜಿಯ ಕೆಳಗಿದ್ದ ತನ್ನ ಸಹಿಯ ಮೇಲೆ ಗೀಟು ಎಳೆದಳು. ಒಂದಲ್ಲ, ಕಾಗದ ಹರಿಯುವವರೆಗೆ.

‘ಅಯ್ಯೋ, ಹಾಗೆ ಮಾಡಬೇಡಿ,’ ಎಂದರು ಸದಸ್ಯೆ. ‘ನಿಮ್ಮ ಹೆಸರೇ ಇಲ್ಲದಿದ್ದರೆ ಈ ಅರ್ಜಿಗೆ ಬೆಲೆ ಏನು?’

‘ಇದರಲ್ಲಿ ನನ್ನ ಮಗ ಇಲ್ಲ. ಇದು ಯಾವುದೋ ಪಾಪದ ಹುಡುಗ. ಎಲ್ಲೋ ಕಳೆದು ಹೋದವನು. ನನ್ನ ಮಗ ಕಳೆದು ಹೋಗಲಿಲ್ಲ. ಅವನನ್ನ ಹಿಡಿದರು. ನಾನು ನೋಡಿದೆ. ನೀವು ನನಗೆ ಟೀ ಕೊಡ್ತೀರಿ. ಇವರು ಅಕ್ಕಿ ಕೊಟ್ಟರು. ಸೈನಿಕ ನೀರು ಕೊಟ್ಟ. ನಾನು ನೀರು ಕೇಳಿರಲಿಲ್ಲ.’

ಕೋಟು ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ಸಹಾಯಕ ಅವಳಿಗಾಗಿ ಬಾಗಿಲು ಹಿಡಿದು ನಿಂತ. ನಾನು ಹಿಂದೆ ಓಡಿದೆ. ಬಸ್ ಸ್ಟಾಪಿನಲ್ಲಿ ಅವಳು ನನಗೆ ಬೆನ್ನು ಹಾಕಿ ನಿಂತಳು. ಬಸ್ಸು ಹತ್ತುವಾಗ ನನ್ನ ಮುಪ್ಪಿನ ಕಾಲು ತಡವರಿಸಿತು. ಅವಳ ಕೈ ನನ್ನ ಮೊಣಕೈ ಹಿಡಿದು ಮೇಲೆತ್ತಿತು. ಮುಖ ಮಾತ್ರ ಆ ಕಡೆಯೇ ಇತ್ತು. ಮುಂದಿನ ವಾರ, ರಜೆಯಿಲ್ಲದೆ ಕೆಲಸ ಬಿಟ್ಟುಹೋದದ್ದಕ್ಕೆ ಅವಳ ಪಾಳಿಗಳನ್ನು ಅರ್ಧಕ್ಕೆ ಇಳಿಸಿದರು ಎಂದು ಲೈಬ್ರರಿಯಲ್ಲಿ ಬೇರೆಯವರಿಂದ ತಿಳಿಯಿತು. ಅವಳು ಬರುವುದು ನಿಂತಿತು.

ನಾನು ಮತ್ತೆ ಬರೆದೆ. ಈ ಸಲ ಆ ನಾಲ್ಕು ಸಾಲನ್ನು ಮೊದಲಿಗೇ ಬರೆದೆ. ದೇಶದ ಹೆಸರು, ಸೈನಿಕರು, ಭುಜ, ಗ್ಯಾಸು. ‘ದಯವಿಟ್ಟು’ ಎಂದು ಎಲ್ಲೂ ಬರೆಯಲಿಲ್ಲ. ಕಾಗದ ಹಿಡಿದು ಆ ಇನ್ನೂರ ಹನ್ನೆರಡು ಜನರ ಹತ್ತಿರವೇ ಹೋದೆ. ಸಿಕ್ಕಷ್ಟು ಜನರನ್ನು ಕಂಡೆ. ಇಕ್ಬಾಲ್ ಒಳಗಿನ ಕೋಣೆಗೆ ಹೋಗಿ ಹೊರಗೆ ಬರಲಿಲ್ಲ. ಚಾಮರಾಜ ಮೆಟ್ಟಿಲಲ್ಲಿ ನನ್ನ ಚೀಲ ಹೊತ್ತುಕೊಟ್ಟ, ಪೆನ್ನು ಮುಟ್ಟಲಿಲ್ಲ. ಆಮ್ನಾ ಅತ್ತಳು. ‘ನಿನ್ನ ಕಾಲಿಗೆ ಬೀಳ್ತೀನಿ ಅವ್ವಾ, ಇನ್ನು ಆರು ತಿಂಗಳು ತಡಿ,’ ಎಂದಳು. ಮಗಳಿಗೆ ಬೈಯುವ ಬಾಯಿ ನನಗೆ ಉಳಿದಿಲ್ಲ. ಸಹಿ ಹಾಕಿದವರು ಇಬ್ಬರು. ನಾನು, ಮತ್ತೆ ಕ್ಲಿನಿಕ್ಕಿನಲ್ಲಿ ಸರದಿ ಬಿಟ್ಟುಕೊಟ್ಟ ಮಂಡಿ ನೋವಿನ ಹೆಂಗಸು. ಅವಳಿಗೆ ಇನ್ನೂ ಆಪರೇಷನ್ ಆಗಿಲ್ಲ.

ಮೂರನೆಯ ಸಹಿಗೆ ಲಾಂಡ್ರಿಯ ಗೇಟಿಗೆ ಹೋದೆ. ಪಾಳಿ ಬಿಟ್ಟು ಹೆಂಗಸರು ಹೊರಬಂದರು. ಎಲ್ಲರ ಕೂದಲಲ್ಲೂ ಬಿಳಿ ಜುಂಗು. ಸಿರಾನುಷ್ ನಿಂತಳು. ಕಾಗದ ತೆಗೆದುಕೊಂಡಳು. ಗೇಟಿನ ಕಂಬಕ್ಕೆ ಒರಗಿ ಒಂದೊಂದೇ ಪದ ಓದಿದಳು. ನಾನು ಕಾದೆ. ಕ್ಷಮಿಸು ಎನ್ನಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

‘ಎಡ ಭುಜ ಅಂತ ಬರೆದಿದ್ದೀರಿ.’

ಹಳೆಯ ಕಾಗದ ನನ್ನ ಹತ್ತಿರ ಇರಲಿಲ್ಲ. ನೆನಪಿನಿಂದ ಬರೆದಿದ್ದೆ.

‘ಬಲ ಭುಜ, ಟೀಚರ್. ಬಂದೂಕು ಇಡೋದು ಬಲ ಭುಜಕ್ಕೆ. ಅದಕ್ಕೇ ಹಿಡಿದರು. ಅವನು ಹಗ್ಗ ಎಡಕ್ಕೆ ಹಾಕಿಕೊಂಡಿದ್ದರೆ ಇವತ್ತು ಇಲ್ಲಿರುತ್ತಿದ್ದ.’

ಅವಳೇ ಹೊಡೆದುಹಾಕಿ, ಅವಳೇ ಬರೆದಳು. ಸಹಿ ಹಾಕಿದಳು. ಕಾಗದ ನನಗೆ ಕೊಟ್ಟಳು. ‘ಇದರಿಂದ ಏನೂ ಆಗೋದಿಲ್ಲ,’ ಎಂದಳು. ನಾನು ಆಗುತ್ತದೆ ಎನ್ನಲಿಲ್ಲ.

ಮೂರು ಸಹಿಯ ಅರ್ಜಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಕ್ಲಿನಿಕ್ಕಿನಲ್ಲಿ ಪ್ರೀತಿಯಿಂದಲೇ ವಾಪಸ್ ಕೊಟ್ಟರು. ಹಾಗಾಗಿ ಅದನ್ನು ದೊಡ್ಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದೆ. ಬುಧವಾರ ಬೆಳಿಗ್ಗೆ ರೈಲು ಹಿಡಿದು ಡಬ್ಲಿನ್‌ಗೆ ಹೋಗುತ್ತೇನೆ. ಪಾರ್ಲಿಮೆಂಟಿನ ಗೇಟಿನ ಎದುರು ನಿಲ್ಲುತ್ತೇನೆ. ಒಂಬತ್ತು ಬುಧವಾರ ಆಯಿತು. ಸಿರಾನುಷ್ ಎರಡು ಸಲ ಬಂದಳು. ಈಗ ಅವಳಿಗೆ ಬುಧವಾರವೇ ಪಾಳಿ.

ಜನ ಒಳ್ಳೆಯವರು. ಒಬ್ಬಳು ಕಾಫಿ ತಂದುಕೊಟ್ಟಳು. ಒಬ್ಬ ತನ್ನ ಕೈಗವಸು ಬಿಚ್ಚಿಕೊಟ್ಟ. ಮೊದಲ ಸಾಲು ಎಲ್ಲರೂ ಓದುತ್ತಾರೆ. ಎರಡನೆಯದಕ್ಕೆ ಕೆಲವರು ನಿಲ್ಲುತ್ತಾರೆ. ನಾಲ್ಕೂ ಸಾಲು ಓದಿ ಮುಗಿಸಿದವರನ್ನು ನಾನು ಇನ್ನೂ ನೋಡಿಲ್ಲ. ಒಳಗೆ ನಾರೆಕ್‌ನ ಹೆಸರನ್ನು ಯಾರೂ ಹೇಳಿಲ್ಲ.

ಇವತ್ತು ಗೇಟಿನ ಪೊಲೀ‌ಸ್ ಹುಡುಗ ಒಳಗಿನಿಂದ ಒಂದು ಕುರ್ಚಿ ತಂದು ನನ್ನ ಪಕ್ಕ ಇಟ್ಟ. ಮೆತ್ತೆಯಿದ್ದ ಕುರ್ಚಿ.

‘ಕೂತ್ಕೊಳ್ಳಿ ಅಮ್ಮ. ಯಾರೂ ಏನೂ ಅನ್ನಲ್ಲ. ಬೋರ್ಡನ್ನ ಗೋಡೆಗೆ ಒರಗಿಸಿಡಿ.’

ನನ್ನ ಅಜ್ಜಿ ಇದ್ದಿದ್ದರೆ ಹೀಗೇ ಮಾಡುತ್ತಿದ್ದೆ ಎನ್ನುವಂಥ ಮುಖ ಅವನದು. ಕೂತರೆ ಬೋರ್ಡು ಕೆಳಗಾಗುತ್ತದೆ. ಗೋಡೆಗೆ ಒರಗಿಸಿದರೆ ರಸ್ತೆಯಲ್ಲಿ ನಿಂತ ಕಾರುಗಳು ಅದನ್ನು ಮುಚ್ಚುತ್ತವೆ.

ನಾನು ಕೂರಲಿಲ್ಲ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಎಪ್ಪತ್ತು ವರ್ಷದಲ್ಲಿ ಅದೇ ಮೊದಲು. ಹುಡುಗ ಪೆಚ್ಚಾಗಿ ಹಿಂದೆ ಸರಿದ. ಕುರ್ಚಿ ಖಾಲಿ ಉಳಿಯಿತು. ಬೋರ್ಡನ್ನು ಇನ್ನಷ್ಟು ಮೇಲೆತ್ತಿ ಅದರ ಕೋಲನ್ನು ಭುಜಕ್ಕೆ ಆನಿಸಿಕೊಂಡೆ. ಒಂಬತ್ತು ವಾರದಿಂದ ಅಲ್ಲಿ ಕೋಲು ಒತ್ತಿ ಕಪ್ಪು ಕಟ್ಟಿದೆ.

ಬಲ ಭುಜ.